ಬೀಗದ ಕೈ ಯಾರಿಗೆ?

ಕಲಬುರಗಿ ಜಿಲ್ಲೆಯ ಗೊಬ್ಬೂರದ ರೈತನೊಬ್ಬನು ತೊಗರಿಯ ಹೊಲವೊಂದನ್ನು ಕೊಂಡನೆನ್ನೋಣ. ಪಹಣಿಯಲ್ಲಿ ಅವನ ಹೆಸರನ್ನು ಬರೆಯುವ ಅಧಿಕಾರ ಯಾರದು? ಪಹಣಿಗಳು ಕೈಬರಹದಲ್ಲಿದ್ದಾಗ ಅವು ಗ್ರಾಮಲೆಕ್ಕಿಗನ ವಶದಲ್ಲಿದ್ದುವು. ಒಂದು ಗೆರೆಯನ್ನು ತಿದ್ದಿದರೆ ಹೊಲವೇ ಕೈತಪ್ಪಬಹುದಾಗಿತ್ತು. 2000ದ ಸುಮಾರಿಗೆ ಕರ್ನಾಟಕ ಸರ್ಕಾರವು 'ಭೂಮಿ' ಯೋಜನೆಯ ಮೂಲಕ ಅವನ್ನು ಗಣಕಯಂತ್ರಕ್ಕೇರಿಸಿತು. ಸಿಬ್ಬಂದಿಯ ಗುರುತನ್ನು ಬೆರಳಚ್ಚಿನಿಂದ ಪರೀಕ್ಷಿಸುವ ಏರ್ಪಾಡೂ ಬಂದಿತು.

ಆದರೆ ಗುರುತು ಬೇರೆ, ಅಧಿಕಾರ ಬೇರೆ. ಬಂದವನು ಯಾರೆಂದು ತಿಳಿದ ಮೇಲೆ, ಅವನು ಏನೇನು ಮಾಡಬಹುದೆಂಬುದನ್ನೂ ಯಂತ್ರಕ್ಕೆ ತಿಳಿಸಬೇಕು. ಇದಕ್ಕೆ 1992ರಲ್ಲಿ ಅಮೆರಿಕದ ಫೆರೈಯೊಲೊ ಮತ್ತು ಕುನ್ ಎಂಬ ವಿಜ್ಞಾನಿಗಳು ಒಂದು ಕ್ರಮವನ್ನು ನಿರೂಪಿಸಿದರು: ಅನುಮತಿಯನ್ನು ವ್ಯಕ್ತಿಗೆ ಕೊಡದೆ ಪಾತ್ರಕ್ಕೆ ಕೊಡುವುದು, ವ್ಯಕ್ತಿಯನ್ನು ಆ ಪಾತ್ರಕ್ಕೆ ಸೇರಿಸುವುದು.

ದೂರದ ಗಣಕಗಳನ್ನು ಬಾಡಿಗೆಗೆ ಪಡೆಯುವ 'ಕ್ಲೌಡ್' ಖಾತೆಗಳಲ್ಲಿ ಇಂದು ಇದೇ ಬಗೆಯ ಕ್ರಮವು ಬಳಕೆಯಲ್ಲಿದೆ. ಅಂಥದೊಂದು ಖಾತೆಯಲ್ಲಿ ನಾವು ಪಹಣಿಗಳನ್ನಿಟ್ಟಿರುವೆವೆಂದು ಭಾವಿಸೋಣ. 'ಓದುಗ' ಪಾತ್ರಕ್ಕೆ ನೋಡುವ ಅನುಮತಿ ಮಾತ್ರ. 'ಲಿಪಿಕ'ನು ಕರಡನ್ನು ಬರೆಯಬಲ್ಲನು, ಮಂಜೂರು ಮಾಡಲಾರನು. 'ಅಧಿಕಾರಿ'ಯು ಮಂಜೂರು ಮಾಡಬಲ್ಲನು, ಕರಡನ್ನು ಬರೆಯಲಾರನು. ಹೀಗಾಗಿ ಒಬ್ಬನೇ ವಂಚಿಸುವುದು ಕಷ್ಟವಾಗುತ್ತದೆ. ಲಿಪಿಕನಿಗೆ ವರ್ಗವಾದಾಗ ಅವನನ್ನು ಪಾತ್ರದಿಂದ ಬಿಡಿಸಿದರೆ ಸಾಕು. ಬಿಡಿ ಅನುಮತಿಗಳನ್ನು ಒಂದೊಂದಾಗಿ ಹುಡುಕಿ ಕೀಳಬೇಕಾಗಿಲ್ಲ.

ಪಾತ್ರಕ್ಕೆ ಸಲ್ಲಬೇಕಾದುದು ಕೆಲಸಕ್ಕೆ ಬೇಕಾದಷ್ಟೇ ಅನುಮತಿ. ಅವಸರದಲ್ಲಿ ಎಲ್ಲರಿಗೂ ಸರ್ವಾಧಿಕಾರವನ್ನು ಕೊಟ್ಟೆವಾದರೆ, ಬೀಗವನ್ನು ಹಾಕಿ ಅದರ ಕೈಯನ್ನು ಬಾಗಿಲಿಗೇ ತೂಗುಹಾಕಿದಂತಾಗುತ್ತದೆ. ಆಗ ಹೋಗುವುದು ಯಂತ್ರವಲ್ಲ, ರೈತನ ಹೊಲ.