ಹೋರಿ ಹಾಡಿನಿಂದ ವಚನದವರೆಗೆ: ಮಾಸ್ಟರಿಂಗ್ ಸ್ಟುಡಿಯೊಗೆ ಗಿರಾಕಿ ಹುಡುಕುವ ಬಗೆ

ರೆಕಾರ್ಡಿಂಗ್, ಮಿಕ್ಸಿಂಗ್ ಮುಗಿದ ಹಾಡನ್ನು ಮೊಬೈಲು, ಕಾರು, ಜಾತ್ರೆಯ ಬಾಕ್ಸು ಎಲ್ಲದರಲ್ಲೂ ಸರಿಯಾಗಿ ಕೇಳುವಂತೆ ಹದಗೊಳಿಸುವ ಕೊನೆಯ ಕೆಲಸವೇ ಮಾಸ್ಟರಿಂಗ್. ಶಿಕಾರಿಪುರ, ಸೊರಬದ ಕಡೆ ಈ ಕೆಲಸ ಬೇಕಾದವರಿದ್ದಾರೆ, ಅದರ ಹೆಸರು ಗೊತ್ತಿರುವವರು ಕಡಿಮೆ. ಹಾಗಾಗಿ ಬೋರ್ಡು ಹಾಕಿ ಕೂತರೆ ಗಿರಾಕಿ ಬರುವುದಿಲ್ಲ. ‘ನಮ್ಮ ಹಾಡು ಯೂಟ್ಯೂಬಲ್ಲಿ ಯಾಕೋ ಸಣ್ಣಗೆ ಕೇಳುತ್ತದೆ’ ಎಂದು ಗೊಣಗುವವರನ್ನು ಹುಡುಕಿಕೊಂಡು ಹೋಗಬೇಕು.

ಮೊದಲು ಆಗಬೇಕಾದದ್ದು, ಯಾರು ಯಾವಾಗ ಹಾಡು ಮಾಡಿಸುತ್ತಾರೆ ಎಂಬ ಲೆಕ್ಕ. ದೀಪಾವಳಿ ಬಂತೆಂದರೆ ಈ ಸೀಮೆಯಲ್ಲಿ ಹೋರಿ ಬೆದರಿಸುವ ಹಬ್ಬ. ಕೊಬ್ಬರಿ ಸರ, ಬಲೂನು ಕಟ್ಟಿಕೊಂಡು ಓಡುವ ಹೋರಿಗೆ ಹೆಸರುಂಟು, ಅಭಿಮಾನಿ ಬಳಗವುಂಟು. ಹೆಸರು ಮಾಡಿದ ಹೋರಿಗೆ ಅದರದೇ ಹಾಡೂ ಉಂಟು. ಆ ಬಳಗದ ಹುಡುಗರನ್ನು ನವರಾತ್ರಿಗೂ ಮೊದಲೇ ಕಾಣುವುದು ಒಳ್ಳೆಯದು. ಹಬ್ಬದ ಹಿಂದಿನ ದಿನ ಬಂದವರಿಗೆ ಬೆಳಗಾಗುವುದರೊಳಗೆ ಹಾಡು ಬೇಕಿರುತ್ತದೆ. ಶಿಕಾರಿಪುರದ ಹುಚ್ಚರಾಯಸ್ವಾಮಿಯ ತೇರು, ಚಂದ್ರಗುತ್ತಿ ರೇಣುಕಾಂಬೆಯ ಜಾತ್ರೆಗೆ ಭಕ್ತಿಗೀತೆ ಮಾಡಿಸುವವರದು ಬೇರೆ ಕಾಲ. ಅಕ್ಕಮಹಾದೇವಿಯ ಉಡುತಡಿ, ಅಲ್ಲಮನ ಬಳ್ಳಿಗಾವಿ ಎರಡೂ ಶಿಕಾರಿಪುರ ತಾಲ್ಲೂಕಿನವು; ವಚನ ಹಾಡುವವರಿಗೆ ಕಾಲದ ಹಂಗಿಲ್ಲ.

ಎರಡನೆಯದಾಗಿ, ಹಾಡುಗಾರರ ಬೆನ್ನು ಬೀಳುವುದಕ್ಕಿಂತ ಹಾಡು ಕೈದಾಟುವ ಜಾಗಗಳಿಗೆ ಹೋಗುವುದು ಜಾಣತನ. ಗಾಯಕ ವರ್ಷಕ್ಕೊಂದು ಹಾಡು ತಂದಾನು. ಕೀಬೋರ್ಡಿನಲ್ಲಿ ಟ್ರ್ಯಾಕ್ ಮಾಡಿಕೊಡುವವನು, ಆಲ್ಬಮ್ ವಿಡಿಯೊ ಎಡಿಟ್ ಮಾಡುವವನು, ಶಿವಮೊಗ್ಗ, ಸಾಗರದ ರೆಕಾರ್ಡಿಂಗ್ ಸ್ಟುಡಿಯೊದವನು ತಿಂಗಳು ತಿಂಗಳೂ ತರುತ್ತಾನೆ. ಶಿರಾಳಕೊಪ್ಪ, ಆನವಟ್ಟಿಯ ಶಾಮಿಯಾನ ಮತ್ತು ಸೌಂಡ್ಸ್ ಅಂಗಡಿಗಳನ್ನೂ ಬಿಡಬಾರದು. ಯಾವ ಹಾಡು ಬಾಕ್ಸಿನಲ್ಲಿ ಗೊರಗೊರ ಎನ್ನುತ್ತದೆ ಎಂಬುದು ಅವರಿಗೆ ಎಲ್ಲರಿಗಿಂತ ಮೊದಲೇ ಗೊತ್ತಾಗುತ್ತದೆ.

ಇನ್ನು ಮಾದರಿ. ಒಂದು ಹಾಡಿನ ಅರ್ಧ ನಿಮಿಷವನ್ನು ಬಿಟ್ಟಿಯಾಗಿ ಮಾಡಿ, ಹಳೆಯದು ಹೊಸದು ಎರಡನ್ನೂ ಒಂದೇ ಜೋರಿನಲ್ಲಿ ಕೇಳಿಸಬೇಕು. ಹೊಸದನ್ನು ಜೋರಾಗಿಟ್ಟು ಮೆಚ್ಚಿಸುವುದು ಸುಲಭ, ಆದರೆ ಅದು ಮೋಸ, ಬಹಳ ದಿನ ನಡೆಯುವುದೂ ಇಲ್ಲ. ಯೂಟ್ಯೂಬ್ ಸುಮಾರು ಮೈನಸ್ 14 ಎಲ್‌ಯುಎಫ್‌ಎಸ್‌ಗಿಂತ (ಹಾಡಿನ ಜೋರನ್ನು ಅಳೆಯುವ ಮಾನ) ಜೋರಾದ ಹಾಡನ್ನು ತಾನೇ ತಗ್ಗಿಸುತ್ತದೆ; ಮೆಲ್ಲಗಿರುವುದನ್ನು ಏರಿಸುವುದಿಲ್ಲ. ಮಾದರಿಗೆ ಡೊಳ್ಳಿನ ಹಾಡು ಸಿಕ್ಕರೆ ಅದೃಷ್ಟ. ಡೊಳ್ಳಿನ ತಳಸ್ವರ ಮೊಬೈಲಿನ ಪುಟ್ಟ ಸ್ಪೀಕರಿನಲ್ಲಿ ಹೊರಡುವುದೇ ಇಲ್ಲ, ತಗಡು ಬಡಿದಂತಾಗುತ್ತದೆ. ಆ ತಳಸ್ವರದ ಮೇಲಿನ ಉಪಸ್ವರಗಳನ್ನು (ಹಾರ್ಮೋನಿಕ್ಸ್) ತುಸು ಎತ್ತಿಕೊಟ್ಟರೆ ಮೊಬೈಲಿನಲ್ಲೂ ಡೊಳ್ಳು ಡೊಳ್ಳಾಗಿ ಕೇಳುತ್ತದೆ. ಇಷ್ಟನ್ನು ಕಿವಿಯಾರೆ ಕೇಳಿಸಿದರೆ ಮಾಸ್ಟರಿಂಗ್ ಎಂದರೇನೆಂದು ವಿವರಿಸುವ ಕಷ್ಟ ತಪ್ಪುತ್ತದೆ.

ದರವನ್ನು ಗಂಟೆಗಿಷ್ಟು ಎನ್ನುವುದಕ್ಕಿಂತ ಹಾಡಿಗಿಷ್ಟು ಎಂದರೆ ಹಳ್ಳಿಯವರಿಗೆ ಲೆಕ್ಕ ಹತ್ತುತ್ತದೆ. ಎಷ್ಟು ಸಲ ತಿದ್ದಿಕೊಡಲಾಗುವುದು ಎಂಬುದನ್ನು ಮೊದಲೇ ಹೇಳಿ, ಅರ್ಧ ಹಣ ಮುಂಗಡ ಪಡೆಯಬೇಕು. ವಾಟ್ಸ್ಆ್ಯಪಿನಲ್ಲಿ ಕಳಿಸಿದ ಎಂಪಿ3 ಹಿಡಿದು ಕೆಲಸ ಮಾಡುವುದು ಬೇಡ. 24 ಬಿಟ್ ವೇವ್ ಫೈಲನ್ನು ಪೆನ್‌ಡ್ರೈವಿನಲ್ಲಿ ತರಿಸಿಕೊಳ್ಳಬೇಕು.

ಹಕ್ಕಿನ ವಿಷಯದಲ್ಲಿ ಎಚ್ಚರ ಬೇಕು. ಸಿನಿಮಾ ಹಾಡಿನ ಧಾಟಿಗೆ ಹೋರಿಯ ಹೆಸರು ಸೇರಿಸಿದ ಹಾಡು ತಂದರೆ, ಧಾಟಿಯ ಹಕ್ಕುದಾರರ ಅನುಮತಿ ಬೇಕೆಂದು ತಿಳಿಸಬೇಕು. 1957ರ ಕೃತಿಸ್ವಾಮ್ಯ ಕಾಯ್ದೆಯಂತೆ ಸಂಗೀತ ಕೃತಿಯ ಹಕ್ಕು ಸಂಯೋಜಕ ತೀರಿಕೊಂಡ ಬಳಿಕವೂ 60 ವರ್ಷ ಉಳಿಯುತ್ತದೆ. 12ನೇ ಶತಮಾನದ ವಚನದ ಸಾಲಿಗೆ ಈ ತೊಡಕಿಲ್ಲ; ಅದಕ್ಕೆ ಈಚೆಗೆ ಕೂಡಿಸಿದ ರಾಗಸಂಯೋಜನೆಗೆ ಇದೆ. ಯೂಟ್ಯೂಬಿನಿಂದ ಹಾಡು ಕಿತ್ತುಹೋದರೆ ಬೈಗುಳ ಸ್ಟುಡಿಯೊದವನಿಗೂ ಬೀಳುತ್ತದೆ.

ಕೆಲಸ ಮುಗಿದ ಫೈಲಿಗೆ ಹೋರಿಯ ಹೆಸರು, ಊರು, ವರ್ಷ ಬರೆದು ಎರಡು ಕಡೆ ಜೋಪಾನವಾಗಿ ಇಡಬೇಕು. ಅದೇ ಬಳಗ ಮುಂದಿನ ದೀಪಾವಳಿಗೆ ಅದೇ ಹೋರಿಗೆ ಹೊಸ ಹಾಡು ಮಾಡಿಸುತ್ತದೆ.