ಮಾಂತ್ರಿಕನ ಮಿತಿ: ಪಾತ್ರಾಭಿನಯದ ಆಟದಲ್ಲಿ ಮಂತ್ರಗಳ ಕಲಿಕೆ ಮತ್ತು ಆಯ್ಕೆ

ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ ರೂಪಿಸಿ, 1974ರಲ್ಲಿ ಅಮೆರಿಕದಲ್ಲಿ ಪ್ರಕಟವಾದ ‘ಡಂಜನ್ಸ್ ಅಂಡ್ ಡ್ರಾಗನ್ಸ್’ ಆಟದಲ್ಲಿ ಆಟಗಾರರು ಒಂದೊಂದು ಪಾತ್ರವನ್ನು ವಹಿಸಿ ಕಥೆಯನ್ನು ಕಟ್ಟುತ್ತಾರೆ. ಇದರ ಮಾಂತ್ರಿಕನ ಪಾತ್ರಕ್ಕೆ ವಿಧಿಸಿದ ಮಿತಿಗಳ ಸ್ವರೂಪವನ್ನು ಇಲ್ಲಿ ಪರಿಶೀಲಿಸಲಾಗಿದೆ.

ಮೊದಲನೆಯದು ನೆನಪಿನ ಮಿತಿ. ಬಳಸಿದೊಡನೆ ಮಂತ್ರವು ಮನಸ್ಸಿನಿಂದ ಅಳಿಸಿಹೋಗುವ ಕಲ್ಪನೆಯನ್ನು ಈ ಆಟ ಜ್ಯಾಕ್ ವ್ಯಾನ್ಸ್‌ನ ‘ದಿ ಡೈಯಿಂಗ್ ಅರ್ತ್’ (1950) ಕೃತಿಯಿಂದ ಪಡೆಯಿತು. ಆದ್ದರಿಂದ ಮಾಂತ್ರಿಕನು ಮುಂಬರುವ ಅಪಾಯವನ್ನು ಊಹಿಸಿ, ತನ್ನ ಗ್ರಂಥದಿಂದ ಕೆಲವೇ ಮಂತ್ರಗಳನ್ನು ಮುಂಚಿತವಾಗಿ ಆರಿಸಿಕೊಳ್ಳಬೇಕಿತ್ತು.

ಎರಡನೆಯದು ಕಲಿಕೆಯ ಮಿತಿ. 1978ರ ‘ಪ್ಲೇಯರ್ಸ್ ಹ್ಯಾಂಡ್‌ಬುಕ್’ ಪ್ರಕಾರ ಬುದ್ಧಿಯ ಅಂಕ 9 ಇದ್ದವನಿಗೆ ಒಂದು ಮಂತ್ರ ದಕ್ಕುವ ಸಂಭವ ಶೇ. 35, ಮಂತ್ರಗಳ ಪ್ರತಿ ಶ್ರೇಣಿಯಲ್ಲಿ ಅವನಿಗೆ ಗರಿಷ್ಠ 6 ಮಂತ್ರಗಳು. ಅಂಕ 18 ಆದರೆ ಸಂಭವ ಶೇ. 85, ಗರಿಷ್ಠ 18. ದಾಳ ಒಲಿಯದಿದ್ದರೆ ಬಯಸಿದ ಮಂತ್ರವೇ ಕೈತಪ್ಪಬಹುದಿತ್ತು. ಹೀಗಾಗಿ ಸಮಾನ ಬುದ್ಧಿಯ ಇಬ್ಬರ ಗ್ರಂಥಗಳೂ ಭಿನ್ನವಾಗುತ್ತಿದ್ದವು. ದಕ್ಕದ ವಿದ್ಯೆಯೂ ಪಾತ್ರವನ್ನು ರೂಪಿಸುತ್ತಿತ್ತು.

2000ದ ಮೂರನೆಯ ಆವೃತ್ತಿ ಈ ಗರಿಷ್ಠ ಸಂಖ್ಯೆಯನ್ನು ಕೈಬಿಟ್ಟಿತು. 2014ರ ಐದನೆಯ ಆವೃತ್ತಿಯಲ್ಲಿ ಕಲಿಕೆಯ ಸೋಲೂ ಇಲ್ಲವಾಯಿತು: ಮಂತ್ರವನ್ನು ಗ್ರಂಥಕ್ಕೆ ನಕಲಿಸಲು ಶ್ರೇಣಿಯೊಂದಕ್ಕೆ 2 ಗಂಟೆ ಮತ್ತು 50 ಚಿನ್ನದ ನಾಣ್ಯಗಳು ಸಾಕು. ಆದರೆ ಒಮ್ಮೆಗೆ ಸಿದ್ಧಪಡಿಸಿಕೊಳ್ಳಬಹುದಾದ ಮಂತ್ರಗಳ ಸಂಖ್ಯೆ ಪರಿಮಿತವಾಗಿಯೇ ಉಳಿಯಿತು.

ಅಂದರೆ, ಹಿಂದೆ ದಾಳವೂ ವಿವೇಕವೂ ಹಂಚಿಕೊಂಡಿದ್ದ ಹೊಣೆ ಈಗ ಬಹುಮಟ್ಟಿಗೆ ವಿವೇಕದ ಪಾಲಿಗೆ ಬಂದಿದೆ. ಗ್ರಂಥದಲ್ಲಿದ್ದ ಮಂತ್ರ ಆಪತ್ತಿನಲ್ಲಿ ಒದಗದಿದ್ದಾಗ ಮಾಂತ್ರಿಕನು ತನ್ನ ಆಯ್ಕೆಯನ್ನೇ ಪ್ರಶ್ನಿಸಿಕೊಳ್ಳಬೇಕಾಗುತ್ತದೆ.