ಮೊದಲು ಡಬ್ಬಿಯ ತೂಕ

ಬೆಳಗಾವಿಯ ಅನಗೋಳದಲ್ಲಿ ಗಿರಣಿಗೆ ಜೋಳ ಒಯ್ಯುವವರಿಗೆ ಡಬ್ಬಿಯಲ್ಲಿ ಎಷ್ಟು ಕಿಲೋ ಇದೆ ಎಂಬುದು ಗೊತ್ತಿರುತ್ತದೆ. ಪಾಳಿಗೆ ಇಟ್ಟು ಬಂದರೆ ಮುಂದಿನದು ಗಿರಣಿಯವನ ಕೆಲಸ. ವಿಶ್ವವಿದ್ಯಾಲಯಗಳಲ್ಲಿ ಹತ್ತಾರು ಜನ ಹಂಚಿಕೊಳ್ಳುವ ಕಂಪ್ಯೂಟರುಗಳ ಕ್ಲಸ್ಟರೂ ಹೀಗೇ ನಡೆಯುತ್ತದೆ. ಆದರೆ ಅಲ್ಲಿಗೆ ಸಂಖ್ಯಾಶಾಸ್ತ್ರದ ಆರ್ ಭಾಷೆಯ ಪ್ರೋಗ್ರಾಂ ಒಯ್ಯುವ ನಾವು ತೂಕ ನೋಡುವುದಿಲ್ಲ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 2022ರಲ್ಲಿ ಶುರುವಾದ ಪರಮ್ ಪ್ರವೇಗ ಸೂಪರ್ ಕಂಪ್ಯೂಟರಿನ ಸಾಮರ್ಥ್ಯ 3.3 ಪೆಟಾಫ್ಲಾಪ್ ಎಂದು ಓದಿದ್ದೇ ತಡ, ಲ್ಯಾಪ್‌ಟಾಪಿನಲ್ಲಿ ತೆವಳುವ ಸ್ಕ್ರಿಪ್ಟು ಅಂಥಲ್ಲಿ ಓಡುತ್ತದೆ ಎಂದುಕೊಳ್ಳುತ್ತೇವೆ. ಓಡುವುದಿಲ್ಲ. 1990ರ ದಶಕದ ಆರಂಭದಲ್ಲಿ ಆಕ್ಲೆಂಡ್ ವಿಶ್ವವಿದ್ಯಾಲಯದಲ್ಲಿ ರಾಸ್ ಇಹಾಕಾ ಮತ್ತು ರಾಬರ್ಟ್ ಜಂಟಲ್‌ಮನ್ ಕಟ್ಟಿದ ಈ ಭಾಷೆ ದತ್ತಾಂಶವನ್ನೆಲ್ಲ ಮೆಮೊರಿಗೆ ತುಂಬಿಕೊಳ್ಳುತ್ತದೆ. ಬೇರೆ ಹೇಳದಿದ್ದರೆ ಬಹುಮಟ್ಟಿಗೆ ಒಂದೇ ಕೋರಿನಲ್ಲಿ ದುಡಿಯುತ್ತದೆ. 48 ಕೋರಿನ ನೋಡ್ (ಕ್ಲಸ್ಟರಿನ ಒಂದು ಕಂಪ್ಯೂಟರ್) ಹಿಡಿದರೆ 47 ಸುಮ್ಮನೆ ಕೂತಿರುತ್ತವೆ, ಬೇರೆಯವರಿಗೂ ಸಿಗದೆ.

ಲೆಕ್ಕ ಹಾಕಿಯೇ ನೋಡಬಹುದು. ಹವಾಮಾನ ಇಲಾಖೆಯ 1901ರಿಂದೀಚಿನ ದಿನವಹಿ ಮಳೆಯ ದತ್ತಾಂಶ ದೇಶವನ್ನು ಕಾಲು ಡಿಗ್ರಿಯ ಚೌಕಗಳಾಗಿ ಕತ್ತರಿಸುತ್ತದೆ: 135ಕ್ಕೆ 129, ಅಂದರೆ 17,415 ಬಿಂದು. 2020ರವರೆಗಿನ 43,830 ದಿನಗಳಿಗೆ ಗುಣಿಸಿದರೆ 76 ಕೋಟಿ ಸಂಖ್ಯೆ. ಆರ್‌ನಲ್ಲಿ ದಶಮಾಂಶ ಸಂಖ್ಯೆಯೊಂದಕ್ಕೆ 8 ಬೈಟ್, ಒಟ್ಟು 6 ಜಿಬಿಗೆ ತುಸು ಹೆಚ್ಚು. (ಸಮುದ್ರದ ಮೇಲಿನ ಖಾಲಿ ಬಿಂದುವಿಗೂ ಅಷ್ಟೇ ಬೈಟು!) ತಿದ್ದುವಾಗ ಒಂದು ನಕಲು ಹುಟ್ಟಿದರೆ 12 ಜಿಬಿ. ಇದನ್ನೇ ಎಂಟು ಪ್ರತ್ಯೇಕ ಪ್ರಕ್ರಿಯೆಗಳಿಗೆ ಹಂಚಿದರೆ ನಕಲುಗಳಿಗೇ 49 ಜಿಬಿ ಬೇಕು. ಪ್ರಶ್ನೆ ಬೆಳಗಾವಿ ಜಿಲ್ಲೆಯ ಖಾನಾಪುರ ತಾಲ್ಲೂಕಿನದಾದರೋ, ಮಲಪ್ರಭೆ ಹುಟ್ಟುವ ಕಣಕುಂಬಿಯೂ ಸೇರಿ ಬೇಕಾಗುವುದು ಬೆರಳೆಣಿಕೆಯ ಚೌಕಗಳು. ಮೊದಲೇ ಕತ್ತರಿಸಿಕೊಂಡರೆ ಲ್ಯಾಪ್‌ಟಾಪೇ ಸಾಕು. ಹಾಗಾದರೆ ಕ್ಲಸ್ಟರ್ ಯಾಕೆ ಎಂದು ಕೇಳಿದರೆ ನನ್ನ ಉತ್ತರ ಸರಳ: ಎಷ್ಟೋ ಕೆಲಸಗಳಿಗೆ ಬೇಡ. ದೇಶದ ಪ್ರತಿ ಬಿಂದುವಿಗೂ ಸಾವಿರ ಸಲ ಮರುಮಾದರಿ ತೆಗೆಯಬೇಕಾದಾಗ ಬೇಕು.

ಕೋರುಗಳ ವಿಷಯದಲ್ಲಿ ಮೋಸ ಇನ್ನೂ ಸೂಕ್ಷ್ಮ. ಆರ್‌ನ ಡಿಟೆಕ್ಟ್‌ಕೋರ್ಸ್ ಆಜ್ಞೆ ನೋಡ್‌ನಲ್ಲಿ ಇರುವ ಕೋರುಗಳನ್ನು ಎಣಿಸುತ್ತದೆ, ನಿಮಗೆ ಕೊಟ್ಟವನ್ನಲ್ಲ. ಸ್ಲರ್ಮ್ ಎಂಬ ಪಾಳಿ ನಿರ್ವಾಹಕ ತಂತ್ರಾಂಶ ನಾಲ್ಕು ಕೊಟ್ಟಿದ್ದರೂ ಆ ಆಜ್ಞೆ 48 ಎನ್ನುತ್ತದೆ. ಅದನ್ನು ನಂಬಿ ಹುಟ್ಟಿಸಿದ 48 ಪ್ರಕ್ರಿಯೆಗಳು ನಾಲ್ಕು ಕೋರಿನ ಮೇಲೆ ಗುದ್ದಾಡುತ್ತವೆ. ಪ್ರತಿ ಪ್ರಕ್ರಿಯೆಯೊಳಗೆ ಮ್ಯಾಟ್ರಿಕ್ಸ್ ಲೆಕ್ಕದ ಗ್ರಂಥಾಲಯ ತನ್ನದೇ ಎಳೆಗಳನ್ನು (ಥ್ರೆಡ್) ಹಬ್ಬಿಸಿದರಂತೂ ಕೇಳುವುದೇ ಬೇಡ. ಸ್ಲರ್ಮ್ ಕೊಟ್ಟ ಸಂಖ್ಯೆಯನ್ನೇ ಓದಿಕೊಳ್ಳಬೇಕು. ಗ್ರಂಥಾಲಯದ ಎಳೆಗಳನ್ನು ಒಂದಕ್ಕೇ ಸೀಮಿತಗೊಳಿಸಬೇಕು.

ಎಷ್ಟು ಬೇಕೆಂದು ಗೊತ್ತಾಗದಿದ್ದರೆ ಹೆಚ್ಚು ಕೇಳುವುದೇ ಕ್ಷೇಮ ಎನ್ನುವವರಿದ್ದಾರೆ. ಮೆಮೊರಿಯ ಮಟ್ಟಿಗೆ ಅದರಲ್ಲಿ ಅರ್ಧ ಸತ್ಯವಿದೆ: ಮಿತಿ ದಾಟಿದ ಕೆಲಸವನ್ನು ವ್ಯವಸ್ಥೆ ಕೊಲ್ಲುತ್ತದೆ, ಆದ್ದರಿಂದ ಸ್ವಲ್ಪ ಹೆಚ್ಚಿಗೆ ಇರಲಿ. ಆದರೆ ಪಾಳಿಯಲ್ಲಿ ದೊಡ್ಡ ಕೆಲಸ ಜಾಗಕ್ಕೆ ಕಾಯುವಾಗ, ನಡುವೆ ಉಳಿದ ಸಂದಿಗಳಿಗೆ ಸ್ಲರ್ಮ್ ಸಣ್ಣ, ಬೇಗ ಮುಗಿಯುವ ಕೆಲಸಗಳನ್ನು ತೂರಿಸುತ್ತದೆ. ಎರಡು ತಾಸಿನ ಕೆಲಸಕ್ಕೆ ಎರಡು ದಿನ ಬೇಕೆಂದು ಬರೆದವರಿಗೆ ಆ ಸಂದಿ ಸಿಗುವುದಿಲ್ಲ. ಇದೆಲ್ಲ ಸಂಶೋಧಕರ ಕೆಲಸವೇ? ಆಪರೇಟರ್‌ಗಳು ನೋಡಿಕೊಳ್ಳಲಿ ಎಂಬ ಆಕ್ಷೇಪವೂ ಇದೆ. ನಾನು ಒಪ್ಪುವುದಿಲ್ಲ. 2019ರ ಆರ್ 3.6.0ರಲ್ಲಿ ಸ್ಯಾಂಪಲ್ ಆಜ್ಞೆಯ ವಿಧಾನವೇ ಬದಲಾಯಿತು. ಅದೇ ಸೀಡ್ (ಯಾದೃಚ್ಛಿಕ ಸಂಖ್ಯೆಗಳ ಆರಂಭಬಿಂದು) ಕೊಟ್ಟರೂ ಹಳೆಯ ಆವೃತ್ತಿಗಿಂತ ಬೇರೆ ಮಾದರಿ ಬರಬಹುದು. ಯಾವ ಆವೃತ್ತಿಯಲ್ಲಿ ಓಡಿತು ಎಂಬುದು ಫಲಿತಾಂಶದ ಭಾಗವೇ ಆದಮೇಲೆ ಅದನ್ನು ಆಪರೇಟರ್‌ಗೆ ಬಿಡಲಾಗದು. ಕೆಲಸವನ್ನು ತುಂಡು ಮಾಡುವುದೂ ಹೀಗೆಯೇ: ಮಳೆಯ ಬಿಂದುಗಳು ಪರಸ್ಪರ ಅವಲಂಬಿಸದ ಲೆಕ್ಕ ಎಂದು ತಿಳಿದಿರುವುದು ಸಂಶೋಧಕರಿಗೆ ಮಾತ್ರ. ನೂರು ತುಂಡು ಮಾಡಿ, ಪ್ರತಿಯೊಂದರ ಉತ್ತರವನ್ನು ಬೇರೆ ಫೈಲಿನಲ್ಲಿ ಉಳಿಸಿಟ್ಟರೆ, 73ನೆಯದು ಸಮಯ ಮೀರಿ ಬಿದ್ದಾಗ ಅದೊಂದನ್ನೇ ಮತ್ತೆ ಪಾಳಿಗೆ ಹಚ್ಚಿದರಾಯಿತು.